ಡೆಕ್ ಮೇಲೆ ಹೋಗದೆ ರೀಫ್: ಕ್ಯಾಟಲೀನಾ 30ರ ಹಗ್ಗದ ಕೆಲಸ ಎಲ್ಲಿಗೆ ಬಂತು

ಫೆಬ್ರವರಿ

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬರ್ಕ್ಲಿ ಮರೀನಾದಲ್ಲಿ ಹಾಯಿದೋಣಿ ಇಟ್ಟವರಿಗೆ ಬೇಸಿಗೆಯ ಮಧ್ಯಾಹ್ನದ ಗಾಳಿ ಹೊಸದೇನಲ್ಲ. ಒಳನಾಡಿನ ಸೆಂಟ್ರಲ್ ವ್ಯಾಲಿ ಬಿಸಿಲಿಗೆ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇಳುತ್ತದೆ, ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಸಂದಿಯಿಂದ ಒಳಗೆ ನುಗ್ಗುತ್ತದೆ. ಬೆಳಗ್ಗೆ 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.) ಇದ್ದದ್ದು ಮೂರು ಗಂಟೆ ಹೊತ್ತಿಗೆ 20-25 ಆಗಿರುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟು. ಹಾಗಾಗಿ ಮೇನ್‌ಸೈಲನ್ನು (ಮುಖ್ಯ ಹಾಯಿ) ರೀಫ್ ಮಾಡಿ, ಅಂದರೆ ಸ್ವಲ್ಪ ಕೆಳಗಿಳಿಸಿ ಕಟ್ಟಿ, ಚಿಕ್ಕದು ಮಾಡುವುದು ಇಲ್ಲಿ ದಿನದ ಕೆಲಸ.

ನಮ್ಮ ದೋಣಿ ಎಂಬತ್ತರ ದಶಕದ ಕ್ಯಾಟಲೀನಾ 30. ಈ ಮಾದರಿಯಲ್ಲಿ 6,000ಕ್ಕೂ ಹೆಚ್ಚು ದೋಣಿಗಳು ತಯಾರಾಗಿವೆ, ಬಿಡಿಭಾಗಕ್ಕೆ ಪರದಾಡಬೇಕಿಲ್ಲ. ತೊಂದರೆ ಇರುವುದು ರೀಫ್ ವ್ಯವಸ್ಥೆಯಲ್ಲಿ. ಒಬ್ಬರು ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬರು ಕುಣಿಯುವ ಡೆಕ್ ಮೇಲೆ ಮಾಸ್ಟ್ (ಹಾಯಿಕಂಬ) ತನಕ ಹೋಗಬೇಕು. ಕಷ್ಟದ ಕೆಲಸವನ್ನು ಯಾರಾದರೂ ಮುಂದೂಡುತ್ತಾರೆ, ಅಲ್ವಾ? ರೀಫ್ ಮುಂದೂಡಿದಷ್ಟೂ ಇನ್ನೂ ಕಷ್ಟ. ಹಾಗಾಗಿ ಎಲ್ಲ ಹಗ್ಗಗಳನ್ನೂ ಚುಕ್ಕಾಣಿ ಇರುವ ಕಾಕ್‌ಪಿಟ್‌ಗೆ ತರುವುದು ಈ ಸಲದ ಯೋಜನೆ.

ಮಾಸ್ಟ್ ಇಳಿಸಿಬಿಟ್ಟೆವು. ಕ್ರೇನಿನ ಬಾಡಿಗೆ ಕೊಟ್ಟ ಮೇಲೆ ಅದರ ಜೊತೆಗಿನ ಕೆಲಸ ಎಲ್ಲ ಮಾಡಿಕೊಳ್ಳುವುದೇ ಲಾಭ. ಆಧಾರದ ತಂತಿಗಳೆಲ್ಲ ಹೊಸದಾದವು. ಹಳೆಯವು ಹೊರಗೆ ಹೊಳೆಯುತ್ತಿದ್ದವು, ಆದರೆ ಸ್ಟೇನ್‌ಲೆಸ್ ತುಕ್ಕು ಶುರುವಾಗುವುದು ತುದಿಯ ಹಿಡಿಕೆಯೊಳಗೆ, ಉಪ್ಪುನೀರು ನಿಂತು ಗಾಳಿ ಆಡದ ಕಡೆ. ಹೊಳಪು ನೋಡಿ ನಂಬುವ ಹಾಗಿಲ್ಲ.

ಮಾಸ್ಟ್ ತುದಿಯ ರಾಟೆಗಳನ್ನೂ ಬದಲಾಯಿಸಿದೆವು. ಹಳೆಯ ಹ್ಯಾಲ್ಯಾರ್ಡ್ (ಹಾಯಿ ಏರಿಸಿ ಇಳಿಸುವ ಹಗ್ಗ) ಅರ್ಧ ತಂತಿ, ಅರ್ಧ ಹಗ್ಗ. ತಂತಿಗಾಗಿ ಕೊರೆದ ಕಿರಿದಾದ ಕಚ್ಚಿನಲ್ಲಿ ಪೂರ್ತಿ ಹಗ್ಗ ಹಾಕಿದರೆ ಅದು ಬೇಗ ಸವೆದುಹೋಗುತ್ತದೆ. ಹೊಸ ಹ್ಯಾಲ್ಯಾರ್ಡ್‌ಗೆ ಕಡಿಮೆ ಹಿಗ್ಗುವ ಡೈನೀಮಾ ನೂಲಿನ ತಿರುಳಿರುವ ಹಗ್ಗ. ಕಾಕ್‌ಪಿಟ್ ತನಕ ಬರುವ ಹಗ್ಗದ ಉದ್ದ ಜಾಸ್ತಿ, ಉದ್ದ ಜಾಸ್ತಿಯಾದರೆ ಹಿಗ್ಗುವುದೂ ಜಾಸ್ತಿ.

ಮಾರ್ಚ್, ಏಪ್ರಿಲ್

ನಿಜವಾದ ತಲೆನೋವು ಮಾಸ್ಟಿನ ಬುಡದ್ದು. ಮೇಲಿಂದ ಇಳಿದ ಹಗ್ಗ ಬುಡದ ಬ್ಲಾಕಿನಲ್ಲಿ (ಗೂಡಿನೊಳಗಿನ ರಾಟೆ) 90 ಡಿಗ್ರಿ ತಿರುಗಿ ಹಿಂದಕ್ಕೆ ಬರಬೇಕು. ಹಾಗೆ ತಿರುಗಿದಾಗ ಬ್ಲಾಕಿನ ಮೇಲೆ ಬೀಳುವ ಭಾರ ಹಗ್ಗದ ಎಳೆತದ ಸುಮಾರು 1.4 ಪಟ್ಟು. ಅದೂ ಡೆಕ್ಕನ್ನು ಮೇಲಕ್ಕೆ ಎತ್ತುವ ಎಳೆತ. ಕ್ಯಾಟಲೀನಾದಲ್ಲಿ ಮಾಸ್ಟ್ ನಿಲ್ಲುವುದು ಕ್ಯಾಬಿನ್ ಮಾಡಿನ ಮೇಲೆ. ಅದೇ ಹ್ಯಾಲ್ಯಾರ್ಡ್ ಮಾಸ್ಟನ್ನು ಕೆಳಗೆ ಒತ್ತುತ್ತದೆ, ಪಕ್ಕದ ಬ್ಲಾಕನ್ನು ಮೇಲೆ ಎಳೆಯುತ್ತದೆ. ಮಧ್ಯೆ ಸಿಕ್ಕಿಕೊಳ್ಳುವುದು ಡೆಕ್. ಬ್ಲಾಕ್‌ಗಳನ್ನು ಡೆಕ್ಕಿಗೆ ಬಿಗಿಯದೆ, ಮಾಸ್ಟಿನ ಬುಡದಡಿಯೇ ಕೂರುವ ಸ್ಟೀಲ್ ತಟ್ಟೆಗೆ ಕಟ್ಟಿದರೆ ಒತ್ತುವುದೂ ಎತ್ತುವುದೂ ಅಲ್ಲಲ್ಲೇ ಸರಿಹೋಗುತ್ತದೆ. ನಾವು ಮಾಡಿದ್ದು ಅದನ್ನೇ.

ಎಳೆದ ಹಗ್ಗವನ್ನು ಕಚ್ಚಿ ಹಿಡಿಯುವ ಕ್ಲಚ್‌ಗಳಿಗೆ ಮಾತ್ರ ಡೆಕ್ ಕೊರೆಯಲೇಬೇಕು. ಫೈಬರ್‌ಗ್ಲಾಸ್‌ನ ಎರಡು ಪದರಗಳ ನಡುವೆ ಮರದ ತಿರುಳಿದೆ, ನೀರು ಒಳಗೆ ಹೋದರೆ ಸದ್ದಿಲ್ಲದೆ ಕೊಳೆಯುತ್ತದೆ. ಬೇಕಾದದ್ದಕ್ಕಿಂತ ದೊಡ್ಡ ತೂತು ಕೊರೆದು, ಗಟ್ಟಿ ಕಲಸಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಮತ್ತೆ ಸರಿಯಳತೆಯ ತೂತು. ಬೇಜಾರಿನ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಬೋಲ್ಟಿನ ಸುತ್ತ ನೀರು ತಡೆಯುವ ಬ್ಯೂಟೈಲ್ ಟೇಪ್, ಒಳಗಡೆ ಅಲ್ಯೂಮಿನಿಯಂ ತಟ್ಟೆ.

ರೀಫಿಗೆ ಒಂದೇ ಹಗ್ಗವೋ ಎರಡೋ ಎಂಬ ಚರ್ಚೆ ಮನೆಯಲ್ಲಿ ತುಂಬಾ ನಡೆಯಿತು. ಒಂದೇ ಹಗ್ಗ ಹಾಯಿಯ ಎರಡೂ ಮೂಲೆಗಳನ್ನು ಎಳೆಯುವುದು ನೋಡಲು ಚೆಂದ. ಆದರೆ ಪ್ರತಿ ತಿರುವಿನಲ್ಲೂ ಘರ್ಷಣೆ ಸೇರುತ್ತದೆ, ರಾಶಿ ಹಗ್ಗ ಎಳೆಯಬೇಕು, ಮುಂದಿನ ಮೂಲೆ ಬಿಗಿಯಾಯಿತೋ ಹಿಂದಿನದೋ ಗೊತ್ತಾಗುವುದಿಲ್ಲ. ನಾನು ಎರಡು ಹಗ್ಗದ ಪಕ್ಷ. ಕ್ಲಚ್ ಒಂದು ಜಾಸ್ತಿ ಬೇಕು, ಅಷ್ಟೇ. ಹ್ಯಾಲ್ಯಾರ್ಡ್ ಎಲ್ಲಿ ತನಕ ಇಳಿಸಬೇಕು ಎಂಬಲ್ಲಿ ದಪ್ಪ ದಾರ ಸುತ್ತಿ ಹೊಲಿದಿದ್ದೇನೆ. ಕತ್ತಲಲ್ಲೂ ಕೈಗೆ ಸಿಗುತ್ತದೆ.

ಮೇ

ಮಾಸ್ಟ್ ಮತ್ತೆ ನಿಂತಿತು. ಬೂಮಿನ (ಹಾಯಿಯ ಬುಡದ ಅಡ್ಡಕಂಬ) ಕೆಳಗೆ ಸ್ಪ್ರಿಂಗ್ ಇರುವ ಗಟ್ಟಿ ವ್ಯಾಂಗ್ ಎಂಬ ಆಧಾರದ ಕೋಲು ಹಾಕಿದೆವು. ಹ್ಯಾಲ್ಯಾರ್ಡ್ ಸಡಿಲಿಸಿದಾಗ ಬೂಮ್ ಈಗ ತಾನಾಗಿ ಮೇಲೆ ನಿಲ್ಲುತ್ತದೆ, ಯಾರ ತಲೆ ಮೇಲೂ ಬೀಳುವುದಿಲ್ಲ. ಖರ್ಚು ಮಾಡಿದ್ದರಲ್ಲಿ ನನ್ನ ಹೆಂಡತಿಗೆ ಅತಿ ಇಷ್ಟವಾದದ್ದು ಇದೇ.

ಏಂಜಲ್ ಐಲ್ಯಾಂಡ್ ಮತ್ತು ಆಲ್ಕಟ್ರಾಜ್ ನಡುವೆ ಗಾಳಿ ಏರಿದಾಗ ಮೊದಲ ರೀಫ್ ಹಾಕಿ ನೋಡಿದೆವು. ಶೀಟ್ (ಹಾಯಿಯನ್ನು ಒಳಕ್ಕೆ ಎಳೆದು ಹಿಡಿಯುವ ಹಗ್ಗ) ಸಡಿಲ, ಹ್ಯಾಲ್ಯಾರ್ಡ್ ದಾರದ ಗುರುತಿನ ತನಕ, ಮುಂದಿನ ಮೂಲೆ ಬಿಗಿ, ಹ್ಯಾಲ್ಯಾರ್ಡ್ ಬಿಗಿ, ಹಿಂದಿನ ಮೂಲೆ ಬಿಗಿ. ಯಾರೂ ಕಾಕ್‌ಪಿಟ್ ಬಿಟ್ಟು ಏಳಲಿಲ್ಲ.

ಗೋಲ್ಡನ್ ಗೇಟಿನಿಂದ ಬರ್ಕ್ಲಿಗೆ ವಾಪಸ್ ಬರುವುದು ನೇರ ಬೆನ್ನಗಾಳಿಯಲ್ಲಿ. ಬೂಮ್ ಥಟ್ಟನೆ ಆಚೆಗೆ ಬೀಸಿಬಿಡುವ ಭಯ ಇರುವುದು ಆಗಲೇ. ಅದಕ್ಕೆ ಪ್ರಿವೆಂಟರ್, ಬೂಮ್ ಬೀಸದಂತೆ ಹಿಡಿಯುವ ಹಗ್ಗ. ಬೂಮಿನ ನಡುವಿಗೆ ಕಟ್ಟಿದರೆ, ತುದಿ ನೀರಿಗೆ ತಾಗಿದಾಗ ಬೂಮೇ ಬಾಗಬಹುದು. ಹಾಗಾಗಿ ತುದಿಯಿಂದ ಮುಂದಕ್ಕೆ, ದೋಣಿಯ ಮೂತಿಯ ಬ್ಲಾಕ್ ಸುತ್ತಿ ಮತ್ತೆ ಕಾಕ್‌ಪಿಟ್‌ಗೆ. ಬಿಡುವುದೂ ಅಲ್ಲಿಂದಲೇ.

ಬಾಕಿ

ಜಾಕ್‌ಲೈನ್, ಅಂದರೆ ಡೆಕ್ ಉದ್ದಕ್ಕೂ ಬಿಗಿದ ಸುರಕ್ಷತೆಯ ಪಟ್ಟಿ. ಮುಂದಿನ ಡೆಕ್ಕಿಗೆ ಒಂದಲ್ಲ ಒಂದು ದಿನ ಹೋಗಲೇಬೇಕಾಗುತ್ತದೆ. ಇಲ್ಲಿನ ನೀರು ಬೇಸಿಗೆಯಲ್ಲೂ 15 ಡಿಗ್ರಿಯ ಆಸುಪಾಸು, ಬಿದ್ದವರ ಕೈಕಾಲು ಬೇಗ ಸೋಲುತ್ತದೆ. ಕಾಲಡಿ ಉರುಳದಂತೆ ಚಪ್ಪಟೆ ಪಾಲಿಯೆಸ್ಟರ್ ಪಟ್ಟಿ ತಂದಿದ್ದೇನೆ. ನೈಲಾನ್ ನೆನೆದರೆ ಜಾಸ್ತಿ ಹಿಗ್ಗುತ್ತದೆ. ದೋಣಿಯ ಅಗಲ 3.3 ಮೀಟರ್. ಪಟ್ಟಿ ನಡುವೆಯೇ ಇದ್ದರೂ 2 ಮೀಟರ್ ಟೆದರ್ (ಮೈಗೆ ಕಟ್ಟಿಕೊಂಡು ಪಟ್ಟಿಗೆ ಕೊಕ್ಕೆಯಿಂದ ಸಿಕ್ಕಿಸುವ ಹಗ್ಗ) ಹಾಕಿಕೊಂಡವರು ಅಂಚು ದಾಟಬಹುದು. 1 ಮೀಟರಿನದಾದರೆ, ಡೆಕ್ ಅಗಲವಾಗಿರುವ ಕಡೆ, ಡೆಕ್ ಮೇಲೇ ಉಳಿಯುತ್ತಾರೆ.

ಕೊಕ್ಕೆಯ ವಿಚಾರವೂ ಇದೆ. 2017ರ ನವೆಂಬರಿನಲ್ಲಿ ಜಗತ್ತನ್ನು ಸುತ್ತುವ ಕ್ಲಿಪ್ಪರ್ ಹಾಯಿದೋಣಿ ರೇಸಿನ ಒಬ್ಬ ನಾವಿಕರು ಟೆದರ್ ಹಾಕಿಕೊಂಡಿದ್ದೂ ತೀರಿಕೊಂಡರು. ಕೊಕ್ಕೆ ಡೆಕ್ಕಿನ ಮೇಲೆ ಹಗ್ಗ ಕಟ್ಟುವ ಕ್ಲೀಟಿನಡಿ ಸಿಕ್ಕಿ, ಅಡ್ಡ ಎಳೆತಕ್ಕೆ ಬಾಗಿ ಬಿಚ್ಚಿಕೊಂಡಿತ್ತು. ಪಟ್ಟಿ ಯಾವ ಕ್ಲೀಟಿನ ಹತ್ತಿರವೂ ಹಾಯದ ಹಾಗೆ ಜಾಗ ಗುರುತು ಮಾಡುತ್ತಿದ್ದೇನೆ.

ಎರಡನೇ ರೀಫ್ ಇನ್ನೂ ಆಳವಾಗಿರಲಿ ಅಂತ ಹಾಯಿಯನ್ನು ಹೊಲಿಗೆಗೆ ಕೊಟ್ಟಿದ್ದೇವೆ. ಅದರ ಕ್ಲಚ್ ಸದ್ಯ ಖಾಲಿ.