ಬೇಗ ಅರವತ್ತೈದು ತುಂಬಲಿ

ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ಉತ್ತರಕ್ಕಿರುವ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರಿಗೆ ಈಗ 63. ಸ್ವಂತ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟ್ ಕೆಲಸ. ಮೊನ್ನೆ ಬೇಲಿಯ ಆಚೆ ನಿಂತು ಮಾತಾಡುತ್ತಾ, "ಹೇಗಾದರೂ 65 ಆಗಿಬಿಟ್ಟರೆ ಸಾಕಪ್ಪ" ಅಂದರು. ವಯಸ್ಸು ಬೇಗ ಆಗಲಿ ಅಂತ ಬಯಸುವ ಮನುಷ್ಯನನ್ನು ಕಂಡು ಸಂಕಟವಾಯಿತು. 65 ಆದರೆ ಹಿರಿಯರಿಗಿರುವ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಸಿಗುತ್ತದೆ. ಕೆಲಸ ಮಾಡುವ ಕಂಪನಿಯಿಂದ ವಿಮೆ ಇಲ್ಲದವರು ಅಲ್ಲಿಯವರೆಗೆ ನೆಚ್ಚಿಕೊಂಡಿರುವುದು 2010ರ ಆರೋಗ್ಯ ವಿಮೆಯ ಕಾನೂನಾದ ಅಫೋರ್ಡಬಲ್ ಕೇರ್ ಆ್ಯಕ್ಟನ್ನು, ಅಂದರೆ ಒಬಾಮಾಕೇರನ್ನು. ಅದು ರದ್ದಾಗಲಿ ಅಂತ ಪ್ರತಿ ಚುನಾವಣೆಯಲ್ಲೂ ವೋಟು ಹಾಕಿದವರು ನಮ್ಮ ಈ ನೆರೆಯವರು. ಅವರ ಸಿಟ್ಟಿಗೆ ಕಾರಣ ಇಲ್ಲ ಅನ್ನಲಾಗದು. ಕಾನೂನು ಜಾರಿಯಾದ ಮೊದಲ ವರ್ಷಗಳಲ್ಲಿ, 2013ರಿಂದ 2017ರ ನಡುವೆ, ಸ್ವಂತವಾಗಿ ವಿಮೆ ಕೊಳ್ಳುವವರ ಪ್ರೀಮಿಯಂ ಹಲವು ರಾಜ್ಯಗಳಲ್ಲಿ ದುಪ್ಪಟ್ಟಾಗಿತ್ತು.

ಯಾಕೆ ಏರಿತು? ಅದಕ್ಕೂ ಮೊದಲು ಹೆಚ್ಚಿನ ರಾಜ್ಯಗಳಲ್ಲಿ ವಿಮಾ ಕಂಪನಿಗಳು ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರಿಗೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ. ಉಳಿದವರಿಗೆ ಅಗ್ಗವಾಗಿದ್ದುದು ಆ ಕಾರಣಕ್ಕೇ. ಹೊಸ ಕಾನೂನು ಒಲೆಯ ಮೂರು ಗುಂಡುಗಳ ಹಾಗೆ ಮೂರು ಷರತ್ತುಗಳ ಮೇಲೆ ಕೂತಿತು. ಮೊದಲನೆಯದು, ಕಂಪನಿ ಯಾರನ್ನೂ ನಿರಾಕರಿಸಬಾರದು, ಇರುವ ಕಾಯಿಲೆಗೆ ಹೆಚ್ಚು ದುಡ್ಡು ಕೇಳಬಾರದು. ವಯಸ್ಸಾದವರಿಗೆ ಎಳೆಯರ ಮೂರು ಪಟ್ಟಿಗಿಂತ ಹೆಚ್ಚು ದರ ಹಾಕಬಾರದು. ಎರಡನೆಯದು, ಆರೋಗ್ಯವಂತರೂ ವಿಮೆ ಕೊಳ್ಳಬೇಕು, ಇಲ್ಲದಿದ್ದರೆ ದಂಡ. ಮೂರನೆಯದು, ಕೊಳ್ಳಲು ಆಗದವರಿಗೆ ಸರ್ಕಾರ ಸಬ್ಸಿಡಿ ಕೊಡಬೇಕು. ಜನರಿಗೆ ಮೊದಲನೆಯದು ಇಷ್ಟ, ಎರಡನೆಯದು ಕಂಡರಾಗದು, ಮೂರನೆಯದರ ಖರ್ಚಿನ ಬಗ್ಗೆ ಜಗಳ. ಮೊದಲನೆಯದನ್ನು ಉಳಿಸಿಕೊಂಡು ಇನ್ನೆರಡನ್ನು ತೆಗೆದರೆ ಕಾಯಿಲೆ ಬಂದ ಮೇಲೆ ಮಾತ್ರ ಜನ ವಿಮೆ ಕೊಳ್ಳುತ್ತಾರೆ, ಪ್ರೀಮಿಯಂ ಇನ್ನೂ ಏರುತ್ತದೆ. ರಿಪಬ್ಲಿಕನ್ನರ ಬದಲಿ ಮಸೂದೆಗಳು ಪ್ರತಿ ಸಲ ಮುಗ್ಗರಿಸಿದ್ದು ಇಲ್ಲೇ.

2017ರ ಮೇ 4ರಂದು ಕೆಳಮನೆಯಲ್ಲಿ 217-213ರಿಂದ ಪಾಸಾದ ಮಸೂದೆಯನ್ನೇ ನೋಡಿ. ದಂಡ ತೆಗೆದು, ಎರಡು ತಿಂಗಳಿಗಿಂತ ಹೆಚ್ಚು ಕಾಲ ವಿಮೆ ಬಿಟ್ಟವರು ಮತ್ತೆ ಕೊಳ್ಳುವಾಗ ಒಂದು ವರ್ಷ ಶೇ 30 ಹೆಚ್ಚು ಕೊಡಬೇಕು ಅಂದಿತು. ವಯಸ್ಸಿನ ಅಂತರವನ್ನು ಮೂರು ಪಟ್ಟಿನಿಂದ ಐದು ಪಟ್ಟಿಗೆ ಏರಿಸಲು ಹೊರಟಿತು. 63ರವರಿಗೆ ಅದು ಬರೆ. ಜುಲೈ 28ರ ನಡುರಾತ್ರಿ ಮೇಲ್ಮನೆಯಾದ ಸೆನೆಟ್‌ನಲ್ಲಿ ಇನ್ನೂ ಚಿಕ್ಕದಾದ ರದ್ದತಿ ಪ್ರಸ್ತಾಪ 49-51ರಿಂದ ಬಿತ್ತು. ಮೆದುಳಿನ ಕ್ಯಾನ್ಸರ್ ಎಂದು ಕೆಲವೇ ದಿನಗಳ ಹಿಂದೆ ಗೊತ್ತಾಗಿದ್ದ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್, ಜೊತೆಗೆ ಸೂಸನ್ ಕಾಲಿನ್ಸ್ ಮತ್ತು ಲೀಸಾ ಮರ್ಕೌಸ್ಕಿ, ತಮ್ಮ ಪಕ್ಷದ ವಿರುದ್ಧವೇ ಮತ ಹಾಕಿದರು. ಅದೇ ಡಿಸೆಂಬರಿನ ತೆರಿಗೆ ಕಾನೂನಿನಲ್ಲಿ ದಂಡವನ್ನು 2019ರಿಂದ ಸೊನ್ನೆ ಮಾಡಿದರು. ದಂಡವೇ ಇಲ್ಲದ ಮೇಲೆ ಕಾನೂನೇ ಅಸಿಂಧು ಅಂತ ನಮ್ಮ ಟೆಕ್ಸಾಸ್ ಮುಂದೆ ನಿಂತು ಕೇಸು ಹಾಕಿತು. 2021ರಲ್ಲಿ ಸುಪ್ರೀಂ ಕೋರ್ಟ್ 7-2ರಿಂದ ತಳ್ಳಿಹಾಕಿತು.

ಈಗಿನ ಪೆಟ್ಟು ಬಿದ್ದಿರುವುದು ಮೂರನೆಯ ಗುಂಡಿಗೆ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಸಬ್ಸಿಡಿ ಹೆಚ್ಚಿಸಿ, ಎಷ್ಟೇ ಆದಾಯವಿದ್ದರೂ ಲೆಕ್ಕಕ್ಕೆ ಆಧಾರವಾದ ಮಧ್ಯಮ ದರ್ಜೆಯ ಸಿಲ್ವರ್ ಪ್ಲಾನಿಗೆ ಆದಾಯದ ಶೇ 8.5ಕ್ಕಿಂತ ಹೆಚ್ಚು ಕೊಡಬೇಕಿಲ್ಲ ಅಂತ ಮಾಡಿದ್ದರು. ಅದರ ಅವಧಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಇದನ್ನು ಮುಂದುವರಿಸಿ ಅಂತ ಡೆಮಾಕ್ರಟರು ಪಟ್ಟು ಹಿಡಿದಾಗಲೇ ಫೆಡರಲ್ ಸರ್ಕಾರ 43 ದಿನ ಬಾಗಿಲು ಹಾಕಿದ್ದು. ಬಾಗಿಲು ತೆರೆಯಿತು, ಹೆಚ್ಚಿಸಿದ ಸಬ್ಸಿಡಿ ಮುಂದುವರಿಯಲಿಲ್ಲ.

ಈಗ ಲೆಕ್ಕ ಹೀಗಿದೆ. 2026ಕ್ಕೆ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಸಬ್ಸಿಡಿ ಸಿಗುವ ಆದಾಯದ ಮಿತಿ 84,600 ಡಾಲರ್, ಬಡತನ ರೇಖೆಯ ನಾಲ್ಕು ಪಟ್ಟು. ಅಲ್ಲಿಯವರೆಗೆ ಪ್ರೀಮಿಯಂ ಆದಾಯದ ಗರಿಷ್ಠ ಶೇ 9.96, ಅಂದರೆ ತಿಂಗಳಿಗೆ ಸುಮಾರು 702 ಡಾಲರ್. ಒಂದು ಡಾಲರ್ ದಾಟಿದರೂ ಸಬ್ಸಿಡಿ ಪೂರ್ತಿ ಹೋಗುತ್ತದೆ. ಅರವತ್ತು ದಾಟಿದ ದಂಪತಿಗೆ ಪೂರ್ತಿ ಬೆಲೆ ತಿಂಗಳಿಗೆ 2,000 ಡಾಲರ್ ಮೀರುವುದು ಮಾಮೂಲು. ಪಕ್ಕದ ಮನೆಯವರು 65ರ ಜಪ ಮಾಡುತ್ತಿರುವುದು ಇದಕ್ಕೇ. ಮಿತಿಯ ಅಂಚಿನಲ್ಲಿರುವವರು ವರ್ಷದ ಕೊನೆಯಲ್ಲಿ ನಿವೃತ್ತಿ ಖಾತೆಯಿಂದ ಹಣ ತೆಗೆಯುವ ಮುಂಚೆ, ಷೇರು ಮಾರುವ ಮುಂಚೆ ಲೆಕ್ಕ ಹಾಕಬೇಕು. 2026ರಿಂದ ಈ ವಿಮೆ ಮಾರುವ ಸರ್ಕಾರಿ ತಾಣ ಮಾರ್ಕೆಟ್‌ಪ್ಲೇಸ್‌ನ ಕಡಿಮೆ ಪ್ರೀಮಿಯಂನ ಬ್ರಾಂಜ್ ಪ್ಲಾನುಗಳ ಜೊತೆ ಆರೋಗ್ಯದ ಖರ್ಚಿಗೆ ಹಣ ಕೂಡಿಡುವ ಎಚ್‌ಎಸ್‌ಎ ಖಾತೆ ಇಡಬಹುದು; ಕುಟುಂಬಕ್ಕೆ 8,750 ಡಾಲರ್‌ವರೆಗೆ ಅದರಲ್ಲಿ ಹಾಕಿದ್ದು ಆದಾಯದಿಂದ ಕಳೆಯುತ್ತದೆ.

ಊರಿಂದ ಅಪ್ಪ ಅಮ್ಮನನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಳ್ಳುವ ಯೋಚನೆಯಲ್ಲಿರುವವರು ಮುಂದಿನದನ್ನು ಗಮನವಿಟ್ಟು ಓದಿ. ಮೆಡಿಕೇರ್‌ಗೆ ಅವರು ಇಲ್ಲಿ ಸತತ ಐದು ವರ್ಷ ವಾಸ ಮಾಡಿರಬೇಕು. ಆಮೇಲೂ ಇಲ್ಲಿ ಹತ್ತು ವರ್ಷ ದುಡಿದ ಲೆಕ್ಕವಿಲ್ಲದಿದ್ದರೆ ಮೆಡಿಕೇರಿನ ಆಸ್ಪತ್ರೆ ಖರ್ಚಿನ ಭಾಗಕ್ಕೂ ಪ್ರೀಮಿಯಂ ಕಟ್ಟಬೇಕು. ಅಲ್ಲಿಯವರೆಗೆ ಗತಿ ಈ ಒಬಾಮಾಕೇರೇ. ಅಮೆರಿಕಕ್ಕೆ ಬಂದು ನೆಲೆಸಿದ 60 ದಿನದೊಳಗೆ ಪ್ಲಾನ್ ಆರಿಸಬೇಕು. ತಪ್ಪಿದರೆ ನವೆಂಬರ್ 1ರವರೆಗೆ ಕಾಯಬೇಕು. ಆರಿಸಿದ ಮುಂದಿನ ತಿಂಗಳ 1ರಿಂದ ವಿಮೆ ಶುರು, ನಡುವಿನ ದಿನಗಳಿಗೆ ಪ್ರಯಾಣ ವಿಮೆ ಇರಲಿ. ಪ್ರಯಾಣ ವಿಮೆಯೇ ಸಾಕು ಅಂದುಕೊಳ್ಳಬೇಡಿ. ಬಿಪಿ, ಶುಗರ್‌ನ ದಿನನಿತ್ಯದ ಚಿಕಿತ್ಸೆ ಅದರಲ್ಲಿ ಬರುವುದಿಲ್ಲ. ಟೆಕ್ಸಾಸ್‌ನ ಪ್ಲಾನುಗಳು ಹೆಚ್ಚಾಗಿ ತಮ್ಮದೇ ವೈದ್ಯರ ಪಟ್ಟಿಯುಳ್ಳ ಎಚ್‌ಎಂಒ. ಪಟ್ಟಿಯಲ್ಲಿಲ್ಲದ ವೈದ್ಯರ ಬಳಿ ಹೋದರೆ, ತುರ್ತು ಚಿಕಿತ್ಸೆ ಬಿಟ್ಟು, ಪೂರ್ತಿ ಬಿಲ್ಲು ನಿಮ್ಮದೇ.

ಸಬ್ಸಿಡಿಯಲ್ಲಿ ಎಡವುವುದು ಎರಡು ಕಡೆ. ತಂದೆ ತಾಯಿಯನ್ನು ಅವಲಂಬಿತರೆಂದು ಮಗ ತನ್ನ ತೆರಿಗೆಯಲ್ಲಿ ತೋರಿಸಿದರೆ ಮಗನ ಆದಾಯವೇ ಲೆಕ್ಕಕ್ಕೆ ಬರುತ್ತದೆ. ಅವರೇ ಬೇರೆ ರಿಟರ್ನ್ ಸಲ್ಲಿಸಿದರೆ, ಊರಿನ ಪೆನ್ಷನ್, ಮನೆ ಬಾಡಿಗೆ, ಬ್ಯಾಂಕಿನ ಬಡ್ಡಿ ಎಲ್ಲವೂ ಸೇರುತ್ತವೆ. ಅದೆಲ್ಲ ಸೇರಿ ಇಬ್ಬರಿಗೆ ಬಡತನ ರೇಖೆಯಾದ 21,150 ಡಾಲರ್ ಮುಟ್ಟದಿದ್ದರೂ ಐದು ವರ್ಷ ತುಂಬದ ಗ್ರೀನ್ ಕಾರ್ಡಿನವರಿಗೆ 2025ರವರೆಗೆ ಸಬ್ಸಿಡಿ ಸಿಗುತ್ತಿತ್ತು. 2025ರ ಜುಲೈ 4ರ ಕಾನೂನು 2026ರಿಂದ ಅದನ್ನು ನಿಲ್ಲಿಸಿತು. 2027ರಿಂದ ಎಚ್-1ಬಿ ವೀಸಾದವರಿಗೂ ಇಲ್ಲ. ಆದಾಯವನ್ನು ಕಡಿಮೆ ಹೇಳಿ ಹೆಚ್ಚು ಸಬ್ಸಿಡಿ ಪಡೆದವರು ಮೊದಲು ಒಂದು ಮಿತಿಯವರೆಗೆ ಹಿಂತಿರುಗಿಸಿದರೆ ಸಾಕಿತ್ತು, ಈಗ ಪೂರ್ತಿ ಕಟ್ಟಬೇಕು. ಇಷ್ಟೆಲ್ಲ ಆಗಿರುವುದು ರದ್ದತಿ ಎಂಬ ಮಾತನ್ನೇ ಎತ್ತದೆ. 2017ರಲ್ಲಿ ಬೀದಿಗಿಳಿದಿದ್ದ ಜನ ಈ ಸಲ ಅಷ್ಟಾಗಿ ಕಾಣಲಿಲ್ಲ.

ನಮ್ಮ ಕರ್ನಾಟಕದಲ್ಲೂ ಒಂದು ಆರೋಗ್ಯ ಯೋಜನೆ ಮುಚ್ಚಿ ಮತ್ತೆ ತೆರೆದದ್ದುಂಟು. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ತಿಂಗಳಿಗೆ 5 ರೂಪಾಯಿಯಂತೆ ಶುರುವಾದ ಯಶಸ್ವಿನಿಯನ್ನು 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. 2022ರಲ್ಲಿ ಮತ್ತೆ ತಂದರು. ನಡುವಿನ ವರ್ಷಗಳ ಬಗ್ಗೆ ವಿಧಾನಸೌಧದಲ್ಲಿ ನಡುರಾತ್ರಿಯವರೆಗೆ ಯಾರೂ ಲೆಕ್ಕ ಹಿಡಿದು ಜಗಳವಾಡಿದ್ದು ನೆನಪಿಲ್ಲ. ಭಾರತದ ಖಾಸಗಿ ವಿಮೆಯಲ್ಲಿ 2024ರಿಂದ ಹೊಸ ಪಾಲಿಸಿಗಿದ್ದ 65ರ ವಯೋಮಿತಿ ಹೋಗಿದೆ, ಹಳೆಯ ಕಾಯಿಲೆಗೆ ಕಾಯುವ ಅವಧಿ ನಾಲ್ಕರಿಂದ ಮೂರು ವರ್ಷಕ್ಕೆ ಇಳಿದಿದೆ. ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇದ್ದವರ ಅರ್ಜಿಯನ್ನು ಕಂಪನಿ ಇವತ್ತಿಗೂ ತಿರಸ್ಕರಿಸಬಹುದು. ಇಲ್ಲಿ ಅಮೆರಿಕದಲ್ಲಿ 2014ರಿಂದ ಅದು ಕಾನೂನುಬಾಹಿರ, ರದ್ದತಿಗೆ ವೋಟು ಹಾಕುವ ನಮ್ಮ ನೆರೆಯವರೂ ಆ ಒಂದು ಸಾಲನ್ನು ಮಾತ್ರ ಮುಟ್ಟಬೇಡಿ ಅನ್ನುತ್ತಾರೆ. ಬೆಂಗಳೂರಿನಲ್ಲಿ ಆ ಸಾಲು ಬೇಕು ಅಂತ ವೋಟು ಕೇಳಲು ಬರುವವರನ್ನು ಕೇಳಿದವರು ಯಾರಾದರೂ ಇದ್ದಾರೆಯೇ?