ಎರಡು ತಾಸಿಗೊಮ್ಮೆ ಮಗ್ಗುಲು

ರಾಯಚೂರಿನ ಮೇ ತಿಂಗಳು ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಒಂಬತ್ತಕ್ಕೇ ವಾರ್ಡಿನ ಗೋಡೆ ಕಾದಿರುತ್ತದೆ. ಫ್ಯಾನಿನಿಂದ ಬರುವುದೂ ಬಿಸಿಗಾಳಿಯೇ. ಇಂಥ ದಿನಗಳಲ್ಲಿ ಹಾಸಿಗೆ ಹಿಡಿದವರ ಬೆನ್ನು ಕಾಯುವುದು ನಮಗೆ ದೊಡ್ಡ ಕೆಲಸ. ಕೆಳಗೆ ರೆಕ್ಸಿನ್ ಹಾಸಿಗೆ, ಮೇಲೆ ಬೆವರು, ಒಂದೇ ಮಗ್ಗುಲಿಗೆ ಬಿದ್ದ ಮೈ. ಚರ್ಮ ಕೆಡಲು ಇಷ್ಟು ಸಾಕು.

ಆ ದಿನ ನನ್ನದು ಬೆಳಗಿನ ಡ್ಯೂಟಿ. ದೇವದುರ್ಗ ಕಡೆಯ ಒಬ್ಬ ರೈತರಿಗೆ ಡಿಸ್ಚಾರ್ಜ್ ಬರೆದಿದ್ದರು. ವಯಸ್ಸು ಅರವತ್ತು ದಾಟಿದೆ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ನಿಂತಿತ್ತು. ಮೂಗಿನ ನಳಿಗೆ ತೆಗೆದು, ನುಂಗಲು ಬರುತ್ತದೆಯೇ ಅಂತ ನೋಡಿ, ಗಟ್ಟಿ ಗಂಜಿ ಶುರು ಮಾಡಿದ್ದೆವು. ಮೂತ್ರದ ನಳಿಗೆ ಮಾತ್ರ ಹಾಗೇ ಇತ್ತು. ಹೆಂಡತಿ ಮಂಚದ ಪಕ್ಕ ಕೂತು ಬಟ್ಟೆಬರೆ ಚೀಲಕ್ಕೆ ತುಂಬುತ್ತಿದ್ದರು.

"ಇಲ್ಲಿ ನೀವೆಲ್ಲಾ ಇದ್ರಿ ಸಿಸ್ಟರ್. ಮನ್ಯಾಗ ನಾ ಒಬ್ಬಾಕಿ ಹ್ಯಾಂಗ ಮಾಡ್ಲಿರಿ?" ಅಂದರು.

ಈ ಮಾತು ಕೇಳದೆ ಹೋಗುವವರೇ ಜಾಸ್ತಿ. ಕೇಳದಿದ್ದರೂ ಅವರ ಮುಖದಲ್ಲಿ ಅದೇ ಇರುತ್ತದೆ. ಔಷಧಿ ಚೀಟಿ ಕೈಗಿಟ್ಟು, ತಪಾಸಣೆಗೆ ಬರುವ ತಾರೀಖು ಹೇಳಿದರೆ ಲೆಕ್ಕದ ಪ್ರಕಾರ ನಮ್ಮ ಕೆಲಸ ಮುಗಿಯಿತು. ಆದರೆ ಮನೆಗೆ ಹೋದ ಮೇಲೆ ಲಕ್ವದವರನ್ನು ಕೆಡಿಸುವುದು ಬಹಳ ಸಲ ಲಕ್ವ ಅಲ್ಲ. ಟೊಂಕದ ಕೆಳಗಿನ ಹುಣ್ಣು, ಎದೆಗೆ ಇಳಿದ ಗಂಜಿ, ನಳಿಗೆಯಿಂದ ಏರಿದ ಸೋಂಕು. ಮೂರನ್ನೂ ಬಹಳ ಮಟ್ಟಿಗೆ ತಡೆಯಬಹುದು. ಅದಕ್ಕೇ ಡಿಸ್ಚಾರ್ಜ್ ದಿನದ ಅರ್ಧ ತಾಸು ನನಗೆ ಯಾವ ಇಂಜೆಕ್ಷನ್ನಿಗಿಂತ ಕಮ್ಮಿ ಅಲ್ಲ. ಚೀಲ ಕಟ್ಟುವುದು ಆಮೇಲೆ, ಮೊದಲು ಇಲ್ಲಿ ಬರ್ರಿ ಅವ್ವಾ ಅಂತ ಪರದೆ ಎಳೆದೆ. ಅಷ್ಟರಲ್ಲಿ ಗಾಡಿ ಮಾತಾಡಿ ಮಗನೂ ಬಂದ.

ಬಂದವನೇ ಅಪ್ಪನನ್ನು ಎಬ್ಬಿಸಲು ಬಲಗೈ ಹಿಡಿದು ಎಳೆಯಲು ಹೋದ. ಎಲ್ಲರೂ ಹೀಗೇ ಮಾಡುವುದು. ಬಿದ್ದ ಕೈಯಲ್ಲಿ ಭುಜದ ಕೀಲು ಹಿಡಿದಿಡುವ ಶಕ್ತಿ ಇರುವುದಿಲ್ಲ. ಎಳೆದರೆ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ಹಳೆ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿನಿಂದ ತೊಡೆವರೆಗೆ ಅವರ ಕೆಳಗೆ ಹಾಸಿಸಿದೆ. ಆ ಕಡೆ ಮಗ, ಈ ಕಡೆ ತಾಯಿ. ಸೀರೆ ಅಂಚು ಹಿಡಿದು ಎತ್ತಿ ಸರಿಸಬೇಕು, ಎಳೆಯಬಾರದು. ಎಳೆದರೆ ಮೇಲಿನ ಚರ್ಮ ಹಾಸಿಗೆಗೆ ಅಂಟಿ ನಿಲ್ಲುತ್ತದೆ, ಒಳಗಿನ ಎಲುಬು ಮಾತ್ರ ಸರಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಹರಿಯುತ್ತವೆ.

ಮಗ್ಗುಲು ಬದಲಿಸುವ ಮುಂಚೆ ಆ ಹಿರಿಯರಿಗೇ ಹೇಳಿದೆ: "ಕಾಕಾ, ಈಗ ಎಡಕ್ಕೆ ಹೊರಳಿಸ್ತೀವಿ." ಮಗನಿಗೆ ಆಶ್ಚರ್ಯ. "ಅವ್ರಿಗೆ ತಿಳಿತೈತೇನ್ರಿ?" ಅಂದ. ಮಾತು ಹೋಗಿದ್ದರೂ ಅವರಿಗೆ ಬಹಳಷ್ಟು ಅರ್ಥವಾಗುತ್ತಿತ್ತು. ಹೌದು, ಇಲ್ಲ ಅಂತ ತಲೆಯಾಡಿಸುತ್ತಿದ್ದರು. ಅವರ ಮುಂದೆಯೇ ಅವರ ಬಗ್ಗೆ ಮೂರನೆಯವರ ಹಾಗೆ ಮಾತಾಡಬೇಡಿ, ಅವರನ್ನೇ ಕೇಳಿ ಅಂದೆ. ಆಸ್ಪತ್ರೆಯವರಿಗೂ ಈ ಮಾತು ಹೇಳಬೇಕಾಗುತ್ತದೆ. ಬೆಡ್ ನಂಬರಿನಿಂದ ಕರೆಯುವುದು ನಮ್ಮಲ್ಲಿ ತೀರಾ ಜಾಸ್ತಿ.

ಬೆನ್ನಿನ ಹಿಂದೆ ಏನಿಡುವುದು? ಮನೆಯಿಂದ ಕೌದಿ ತಂದಿದ್ದರು. ಅದನ್ನೇ ಸುತ್ತಿ ಬೆನ್ನಿಗೆ ಆನಿಸಿದೆ. ಸುಮಾರು 30 ಡಿಗ್ರಿ ವಾಲಿದರೆ ಸಾಕು. ಪೂರ್ತಿ ಮಗ್ಗುಲಿಗೆ ಹೊರಳಿಸಿದರೆ ಸೊಂಟದ ಪಕ್ಕದ ಎಲುಬಿನ ಮೇಲೆ ಭಾರ ಬಿದ್ದು ಅಲ್ಲೇ ಹುಣ್ಣಾಗುತ್ತದೆ. ಎರಡು ಮೊಣಕಾಲ ನಡುವೆ ಒಂದು ದಿಂಬು. ಹೀಗೆ ಎಡ, ಬೆನ್ನು, ಬಲ ಅಂತ ಎರಡು ತಾಸಿಗೊಮ್ಮೆ ಬದಲಿಸಬೇಕು.

ಚೀಲದಿಂದ ಮಗ ಸೈಕಲ್ ಟ್ಯೂಬೊಂದನ್ನು ತೆಗೆದ. ಊರಲ್ಲಿ ಯಾರೋ ಹೇಳಿದ್ದರಂತೆ, ಗಾಳಿ ತುಂಬಿ ಕುಂಡಿ ಕೆಳಗಿಟ್ಟರೆ ಹುಣ್ಣಾಗಲ್ಲ ಅಂತ. ಪ್ರೀತಿಯಿಂದ ತಂದದ್ದು, ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೂ ಬೇಡವೇ ಬೇಡ. ಟ್ಯೂಬಿನ ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಬರುವುದನ್ನೇ ತಡೆಯುತ್ತದೆ. ಕೆಂಪಾದ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುವುದೂ ಹಾಗೆಯೇ. ಹಿಂದೆ ನರ್ಸುಗಳೇ ಸ್ಪಿರಿಟ್, ಪೌಡರ್ ಹಾಕಿ ಉಜ್ಜುತ್ತಿದ್ದರು. ಈಗ ಕೆಂಪಾದ ಕಡೆ ತಿಕ್ಕಬಾರದು ಅಂತಲೇ ಕಲಿಸುತ್ತಾರೆ.

ಚರ್ಮ ನೋಡುವುದನ್ನು ತಾಯಿಯ ಬೆರಳಿಂದಲೇ ಮಾಡಿಸಿದೆ. ಟೊಂಕದ ಕೆಳಗೆ, ಎಲುಬು ಚರ್ಮಕ್ಕೆ ತೀರಾ ಹತ್ತಿರ ಇರುವ ಕಡೆ, ಮೆಲ್ಲಗೆ ಒತ್ತಿ ಬಿಡಬೇಕು. ಒತ್ತಿದಾಗ ಬಿಳಿಚಿಕೊಂಡು, ಬಿಟ್ಟ ಮೇಲೆ ಬಣ್ಣ ಮರಳಿದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹೋಗದಿದ್ದರೆ ಒಳಗೆ ಕೆಡಲು ಶುರುವಾಗಿದೆ. ನಮ್ಮ ಕಪ್ಪು ಮೈಗಳಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಅದಕ್ಕೆ ಕೈಹಿಂಬದಿಯಿಂದ ಮುಟ್ಟಿ ನೋಡಬೇಕು. ಸುತ್ತಲಿಗಿಂತ ಅಲ್ಲಿ ಬಿಸಿಯಿದೆಯಾ, ಗಟ್ಟಿಯಿದೆಯಾ, ಮೆತ್ತಗಾಗಿದೆಯಾ ಅಂತ. ಆ ತಾಯಿ ಮುಟ್ಟಿ, "ಇಲ್ಲಿ ಸ್ವಲ್ಪ ಬಿಸಿ ಐತ್ರಿ" ಅಂದರು. ನಾನೂ ಮುಟ್ಟಿದೆ. ಹೌದು, ಇತ್ತು. ಅಂಗೈಯಷ್ಟು ಜಾಗ. ಬಣ್ಣದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿದ ಕೈ ಅದು, ಎಷ್ಟು ಬೇಗ ಕಲಿಯಿತು ಅಂತ ನನಗೆ ಬಹಳ ಖುಷಿಯಾಯಿತು.

ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ನರ್ಸಿಂಗ್ ಬಗ್ಗೆ ಬರೆದ ಪುಸ್ತಕ ಗೊತ್ತಿರುವವರಿಗೂ ಒಂದು ವಿಷಯ ಗೊತ್ತಿರುವುದಿಲ್ಲ. ಅದನ್ನು ಅವರು ಬರೆದದ್ದು ನರ್ಸುಗಳಿಗೆ ಪಾಠ ಹೇಳಲು ಅಲ್ಲ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರಿಗಾಗಿ. ಹಾಸಿಗೆ ಹುಣ್ಣು ಆದರೆ ಅದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಆರೈಕೆಯ ತಪ್ಪು ಅಂತ ಅದರಲ್ಲೇ ಹೇಳಿದ್ದಾರೆ. ಪ್ರತಿ ವರ್ಷ ಮೇ 12ಕ್ಕೆ ಅವರ ಹೆಸರಲ್ಲಿ ದಿನಾಚರಣೆ ಮಾಡುತ್ತೇವೆ. ಆ ದಿನ ವಾರ್ಡಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಹೀಗೆ ಒಂದು ತಾಸು ಕಲಿಸಿದರೆ ಎಷ್ಟು ಚೆನ್ನ ಅಂತ ನನ್ನ ಆಸೆ.

ಊಟದ ವಿಷಯಕ್ಕೆ ಬಂದಾಗ ತಾಯಿ ನೀರು ತಂದರು. ನೀರೇ ಅಪಾಯ ಅಂದರೆ ಯಾರೂ ನಂಬುವುದಿಲ್ಲ. ನುಂಗುವ ಶಕ್ತಿ ಕಮ್ಮಿಯಾದವರ ಗಂಟಲಲ್ಲಿ ತೆಳ್ಳಗಿನದು ಸರ್ರನೆ ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ. ಗಟ್ಟಿ ಅಂಬಲಿ ನಿಧಾನ ಇಳಿಯುತ್ತದೆ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆ ಕಡೆ ಬಾಗಿಸಿ, ಸಣ್ಣ ಚಮಚದಲ್ಲಿ ಎಡಗಡೆ ಬಾಯಿಗೆ ಕೊಡಬೇಕು. ಒಂದು ತುತ್ತು ನುಂಗಿದ್ದು ನೋಡಿ ಇನ್ನೊಂದು. ಬಲಗೆನ್ನೆಯೊಳಗೆ ಅನ್ನ ಉಳಿದಿರುತ್ತದೆ, ತೆಗೆಯಬೇಕು. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ಕೆಮ್ಮು ಬಂದರೆ, ಗಂಟಲು ಗೊರಗೊರ ಅಂದರೆ ಅಲ್ಲಿಗೇ ನಿಲ್ಲಿಸಬೇಕು. ಬಾಯಿ ದಿನಾ ಎರಡು ಸಲ ಮೆತ್ತನೆ ಬ್ರಷ್ಷಿನಿಂದ ಒರೆಸಬೇಕು. ಉಗುಳಲು ಬರಲ್ಲ ಅಂತ ಬಿಟ್ಟರೆ ಬಾಯಿಯ ಹೊಲಸೇ ಎದೆಗೆ ಇಳಿಯುತ್ತದೆ.

ಎಲ್ಲಾ ಆಯಿತು ಅನ್ನುವಾಗ ತಾಯಿ ಮೆಲ್ಲಗೆ, "ನಂಗ ಗಡಿಯಾರ ನೋಡಾಕ ಬರಂಗಿಲ್ರಿ" ಅಂದರು. ಎರಡು ತಾಸು ಅಂತ ಚೀಟಿಯಲ್ಲಿ ಬರೆದುಕೊಟ್ಟು ಏನು ಬಂತು? ಮೂವರೂ ಕೂತು ಅವರ ದಿನವನ್ನೇ ಗಡಿಯಾರ ಮಾಡಿದೆವು. ಮೊದಲ ಬಸ್ಸು ಬಂದಾಗ ಒಂದು ಸಲ. ಮಂದಿ ಹೊಲಕ್ಕೆ ಹೋಗುವಾಗ ಒಂದು. ಬಿಸಿಲು ಅಂಗಳದ ಕಟ್ಟೆ ಮುಟ್ಟಿದಾಗ, ಮಧ್ಯಾಹ್ನದ ಊಟಕ್ಕೆ, ನಿದ್ದೆ ತೆಗೆದೆದ್ದಾಗ, ಸಂಜೆ ಚಹಾಕ್ಕೆ, ದನ ಬಂದಾಗ, ಸೊಸೆ ಧಾರಾವಾಹಿ ಹಾಕಿದಾಗ. ರಾತ್ರಿ ಹೇಗೆ ಅಂತ ಯೋಚಿಸುತ್ತಿದ್ದೆ. ಮಗ ತಾನೇ ಹೇಳಿದ, ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಾಕಲು ಏಳುತ್ತೇನೆ, ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಹೊರಳಿಸುತ್ತೇನೆ ಅಂತ.

ಕೆಳಗೆ ಗಾಡಿ ಹತ್ತಿಸುವಾಗ ಯಾರೋ ಯೂರಿನ್ ಬ್ಯಾಗನ್ನು ಅವರ ಹೊಟ್ಟೆ ಮೇಲಿಟ್ಟರು. ನಾನು ಹೇಳುವ ಮುಂಚೆ ತಾಯಿಯೇ ಗದರಿದರು: "ಕೆಳಗ ಹಿಡೀರೋ, ಉಚ್ಚಿ ಹಿಂದಕ್ಕ ಹೊಕ್ಕೈತಿ!"

ಜೂನ್ ಕೊನೆಗೆ ತಪಾಸಣೆಗೆ ಬಂದರು. ಬೆನ್ನು ನೋಡಿದೆ, ಸ್ವಚ್ಛ ಇತ್ತು. ಮೇ ತಿಂಗಳಲ್ಲಿ ಬಿಸಿಯಿದ್ದ ಜಾಗ ಈಗ ಸುತ್ತಲಿನ ಹಾಗೇ ತಂಪಾಗಿತ್ತು. ಬಲ ಹಿಮ್ಮಡಿ ಮೇಲೆ ಮಾತ್ರ ರೂಪಾಯಿ ಅಗಲದ ಗುರುತು ಬಂದಿತ್ತು. ದಿಂಬನ್ನು ಹಿಮ್ಮಡಿ ಕೆಳಗೇ ಇಡುತ್ತಿದ್ದರಂತೆ. ಮೀನಖಂಡದ ಕೆಳಗೆ ಇಟ್ಟು, ಹಿಮ್ಮಡಿ ಗಾಳಿಯಲ್ಲಿ ನಿಲ್ಲುವ ಹಾಗೆ ಮಾಡಿ ತೋರಿಸಿದೆ. ತಾಯಿ ಒಂದು ಸಲ ನೋಡಿ, ತಾವೇ ತೆಗೆದು ಮತ್ತೆ ಇಟ್ಟರು. ಆಮೇಲೆ ಕೇಳಿದರು, "ಈಗ ಕುರ್ಚಿ ಮ್ಯಾಲ ಕುಂದ್ರತಾರ್ರಿ. ಎಷ್ಟೊತ್ತು ಕುಂದ್ರಿಸ್ಲಿ?" ಒಂದು ತಾಸಿಗಿಂತ ಜಾಸ್ತಿ ಬೇಡ ಅವ್ವಾ, ಅದರಲ್ಲೂ ಆಗಾಗ ಒಂದಿಷ್ಟು ಆ ಕಡೆ ಈ ಕಡೆ ವಾಲಿಸಿ, ಬಿದ್ದ ಕೈಯನ್ನು ಜೋತು ಬಿಡದೆ ದಿಂಬಿನ ಮೇಲಿಡಿ, ಎರಡೂ ಪಾದ ನೆಲಕ್ಕೆ ತಾಗಿರಲಿ ಅಂದೆ.