ಮಸಾಲ್‌ಪುರಿ ಪಾಸ್ತಾ

ಎಂಟೂವರೆಗೆ ಮನೆಗ್ ಬಂದೆ, ಅನ್ನಕ್ಕಿಡೋಕೂ ಮೂಡಿಲ್ಲ. ಫ್ರಿಜ್ಜಲ್ಲಿ ನಿನ್ನೆ ಮಸಾಲ್‌ಪುರಿಗೆ ಮಾಡಿದ್ ಬಟಾಣಿ ಗ್ರೇವಿ ಒಂದ್ ಡಬ್ಬಿ ಇತ್ತು, ಪೂರಿ ಮಾತ್ರ ಖಾಲಿ. ಸರಿ ಅಂತ ಪಾಸ್ತಾ ಬೇಯ್ಸಿ, ಬಸಿದ ನೀರಲ್ಲೇ ಒಂದ್ ಸೌಟು ಹಾಕಿ ಗ್ರೇವಿ ಸಡಿಲ ಮಾಡ್ಕೊಂಡು (ಆ ಗಂಜಿನೀರಿಗೆ ಚೆನ್ನಾಗ್ ಅಂಟ್ಕೊಳತ್ತೆ) ಕಲಸಿ, ಮೇಲೆ ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆಹುಳಿ.

ಆಮೇಲ್ ಒಂದು ನಿಪ್ಪಟ್ಟು ಅಂಗೈಲಿ ಒತ್ತಿ ಪುಡಿ ಮಾಡ್ದೆ ನೋಡಿ, ಆ ಕರಕರ ಸದ್ದಿಗೇ ರೂಮಿಂದ ಮಗ ಎದ್ದ್ ಬಂದ. ನಾಲ್ಕ್ ಸಲ ಊಟಕ್ಕೆ ಕರದ್ರೂ ಬರದಿರೋನು!

ಲವಂಗ ಚಕ್ಕೆ ಘಮ ಪೂರ್ತಿ ನಮ್ ಬೀದಿ ಗಾಡಿದೇ. ಇಟಲಿಯವ್ರು ನೋಡಿದ್ರೆ ಬೈತಾರೋ ಏನೋ, ಗಾಡಿಯಣ್ಣ ಆಗಿದ್ರೆ ಇನ್ನೊಂಚೂರ್ ಖಾರ ಹಾಕ್ಲಾ ಅಂತಿದ್ದ.

ಮಗ ಈಗ ಡಬ್ಬೀಲಿರೋ ನಿಪ್ಪಟ್ಟು ಎಣಿಸ್ತಿದಾನೆ.